ಇಸ್ಲಾಮಿನಲ್ಲಿ ಸದಾಚಾರದ ಅರ್ಥ
(ಶತಮಾನೋತ್ಸವ ಸಮಾರಂಭದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಕಾಸರಗೋಡಿನ ಈ ನೆಲದಲ್ಲಿ ಕನ್ನಡ, ತುಳು, ಮಲಯಾಳ, ಬ್ಯಾರಿ ಮನೆಮಾತಿನ ಮಕ್ಕಳು ನಮ್ಮ ಶಾಲೆಯ ಒಂದೇ ಬೆಂಚಿನಲ್ಲಿ ಕುಳಿತು ಕನ್ನಡದಲ್ಲಿ ಕಲಿಯುತ್ತಾರೆ. ಪಕ್ಕದವನ ಧರ್ಮದ ತಿರುಳನ್ನು ಅರಿಯದ ವಿದ್ಯೆ ಅಪೂರ್ಣವೆಂದು ನಾವು ಭಾವಿಸುತ್ತೇವೆ. ಆದುದರಿಂದ ಇಸ್ಲಾಂ ಯಾವುದನ್ನು ಸದಾಚಾರವೆಂದು ಕರೆಯುತ್ತದೆ ಎಂಬುದನ್ನು ಇಂದು ವಿಚಾರಿಸೋಣ.

ಕುರ್‌ಆನ್ ಇದಕ್ಕೆ ಬಳಸುವ ಒಂದು ಪದ ‘ಬಿರ್ರ್’. ತಂದೆತಾಯಿಯರೊಡನೆ ತೋರಬೇಕಾದ ಸದ್ವರ್ತನೆಗೂ ಅರಬ್ಬಿಯಲ್ಲಿ ಇದೇ ಪದ ಸಲ್ಲುತ್ತದೆ. ಎರಡನೆಯ ಅಧ್ಯಾಯವಾದ ಅಲ್‌ಬಕರದ 177ನೆಯ ಸೂಕ್ತ ಅದನ್ನು ವಿವರಿಸುತ್ತದೆ. ಕ್ರಿ.ಶ. 622ರಲ್ಲಿ ಪ್ರವಾದಿ ಮುಹಮ್ಮದರು ಮದೀನಕ್ಕೆ ವಲಸೆ ಹೋದ ಬಳಿಕ ಸುಮಾರು 16–17 ತಿಂಗಳು ಜೆರುಸಲೇಮಿನ ಕಡೆಗೆ ಮುಖಮಾಡಿ ನಮಾಝ್ ನಡೆಯುತ್ತಿತ್ತು. ಅನಂತರ ದಿಕ್ಕು ಮಕ್ಕೆಯ ಕಅಬಾದ ಕಡೆಗೆ ಬದಲಾಯಿತು. ಅದರ ಬಗ್ಗೆ ವಾದವಿವಾದಗಳೆದ್ದವು. ಮುಖವನ್ನು ಪೂರ್ವಕ್ಕೋ ಪಶ್ಚಿಮಕ್ಕೋ ತಿರುಗಿಸುವುದರಲ್ಲಿಯೇ ಸದಾಚಾರವು ಮುಗಿಯುವುದಿಲ್ಲ ಎಂಬ ಆಶಯದಿಂದ ಆ ಸೂಕ್ತ ಆರಂಭವಾಗುತ್ತದೆ.

ಮುಂದಿನ ಕ್ರಮವು ಗಮನಾರ್ಹವಾಗಿದೆ. ಮೊದಲು ವಿಶ್ವಾಸ. ಕೂಡಲೇ, ತನಗೆ ಪ್ರಿಯವಾದ ಸಂಪತ್ತನ್ನು ಬಂಧುಗಳಿಗೆ, ಅನಾಥರಿಗೆ, ಬಡವರಿಗೆ, ದಾರಿಹೋಕರಿಗೆ, ಬೇಡುವವರಿಗೆ, ದಾಸ್ಯವಿಮೋಚನೆಗೆ ಕೊಡುವುದು. ಅದಾದ ಮೇಲೆ ನಮಾಝ್ ಮತ್ತು ಝಕಾತ್. ಕೊನೆಯಲ್ಲಿ ಕೊಟ್ಟ ಮಾತನ್ನು ನಡೆಸುವುದು, ಕಷ್ಟದಲ್ಲಿ ಸಹನೆ. ನಿಗದಿತ ಮಿತಿಯನ್ನು ಮುಟ್ಟಿದ ಉಳಿತಾಯದ ಮೇಲೆ ವರ್ಷಕ್ಕೆ ಶೇಕಡ 2.5ರಷ್ಟು ಸಲ್ಲಿಸುವ ಝಕಾತ್ ಕಡ್ಡಾಯವಾದುದು. ಅದನ್ನು ಪ್ರತ್ಯೇಕವಾಗಿ ಹೇಳಿರುವುದರಿಂದ, ಮೊದಲು ಹೇಳಿದ ದಾನವು ಲೆಕ್ಕ ಮುಗಿದ ಮೇಲೂ ಉಳಿಯುವ ಹೊಣೆ ಎಂದು ತಿಳಿಯುತ್ತದೆ.

ದಾನಕ್ಕಿಂತಲೂ ಕಠಿಣವಾದುದು ನ್ಯಾಯ. ಅಳತೆಯಲ್ಲಿ ಮೋಸ ಮಾಡುವವರನ್ನು 83ನೆಯ ಅಧ್ಯಾಯ ತೀವ್ರವಾಗಿ ಖಂಡಿಸುತ್ತದೆ. ತನಗೆ, ತಂದೆತಾಯಿಗೆ, ಬಂಧುಗಳಿಗೆ ವಿರುದ್ಧವಾದರೂ ಸತ್ಯಸಾಕ್ಷ್ಯ ನುಡಿಯಬೇಕೆಂದು ನಾಲ್ಕನೆಯ ಅಧ್ಯಾಯದ 135ನೆಯ ಸೂಕ್ತವೂ, ಒಂದು ಜನವರ್ಗದ ಮೇಲಿನ ದ್ವೇಷವು ನಮ್ಮನ್ನು ಅನ್ಯಾಯಕ್ಕೆಳೆಯಬಾರದೆಂದು ಐದನೆಯ ಅಧ್ಯಾಯದ 8ನೆಯ ಸೂಕ್ತವೂ ವಿಧಿಸುತ್ತವೆ.

ಶಾಲೆಯಲ್ಲಿ ಇವೆಲ್ಲ ಪ್ರತಿದಿನದ ಪರೀಕ್ಷೆಗಳೇ ಆಗಿವೆ. ಅಧ್ಯಾಪಕರಾದ ನಮ್ಮ ತಕ್ಕಡಿ ಉತ್ತರಪತ್ರಿಕೆ. ಹೆಸರು ನೋಡಿ ಅಂಕ ಕೊಟ್ಟರೆ ಅದೂ ಅಳತೆಯ ಮೋಸವೇ. ಇಬ್ಬರು ಮಕ್ಕಳು ಜಗಳವಾಡಿದಾಗ ತಮ್ಮ ಮಗುವಿನದೇ ತಪ್ಪಿದ್ದರೆ ಅದನ್ನು ಒಪ್ಪಿ ನುಡಿಯುವ ಪೋಷಕರು ಎಷ್ಟು ಉಪದೇಶದಿಂದಲೂ ಬಾರದ ಪಾಠವನ್ನು ಕಲಿಸುತ್ತಾರೆ. ಊರಿನಲ್ಲಿ ಮನಸ್ಸುಗಳು ಕದಡಿದ ದಿನವೂ ನಮ್ಮ ಮಕ್ಕಳು ಬೆಂಚು ಬದಲಾಯಿಸದಂತೆ ನೋಡಿಕೊಳ್ಳುವುದು ಮನೆ, ಶಾಲೆ ಎರಡರ ಕರ್ತವ್ಯ.

ಇನ್ನುಳಿದುದು ಕೊಟ್ಟ ಮಾತು. ಈ ಗಡಿನಾಡಿನ ಮಕ್ಕಳಿಗೆ ಕನ್ನಡದಲ್ಲಿ ವಿದ್ಯೆ ದೊರೆಯಬೇಕೆಂಬ ಸಂಕಲ್ಪದಿಂದ ಹಿರಿಯರು ನೂರು ವರ್ಷಗಳ ಹಿಂದೆ ಈ ಶಾಲೆಯನ್ನು ಕಟ್ಟಿದರು. ಆ ಮಾತು ಈಗ ನಮ್ಮದು. ಹಳೆಯ ವಿದ್ಯಾರ್ಥಿಗಳು ನೀಡುವ ನೆರವಿನಷ್ಟೇ, ತಮ್ಮ ಮಕ್ಕಳನ್ನು ಇಲ್ಲಿಗೆ ಕಳುಹಿಸುವ ನಿರ್ಧಾರವೂ ಅದನ್ನು ಉಳಿಸುತ್ತದೆ. ಯಾವ ದಿಕ್ಕಿಗೆ ಮುಖಮಾಡಿ ಪ್ರಾರ್ಥಿಸುವವರೇ ಆಗಲಿ, ಈ ಮಾತನ್ನು ನಡೆಸುವುದರಲ್ಲಿ ನಾವೆಲ್ಲರೂ ಒಂದಾಗೋಣ.