ಯುದ್ಧದ ಹೊಗೆ ಮತ್ತು ಮನೆಯ ತೊಟ್ಟಿಲು

ನಾನಿರುವುದು ಬಹ್ರೈನಿನ ಅವಾಲಿಯಲ್ಲಿ. ಎಣ್ಣೆ ಕಂಪನಿ ತನ್ನ ಕೆಲಸಗಾರರಿಗೆಂದು 1930ರ ದಶಕದಲ್ಲಿ ಕಟ್ಟಿಸಿದ ಊರು ಇದು. ಸ್ವಲ್ಪ ದಕ್ಷಿಣಕ್ಕೆ ಹೋದರೆ ಜಬಲ್ ದುಖಾನ್ ಸಿಗುತ್ತದೆ. ಹಾಗೆಂದರೆ ಹೊಗೆಯ ಬೆಟ್ಟ. 1932ರಲ್ಲಿ ಎಣ್ಣೆ ಸಿಕ್ಕಿದ್ದು ಅದರ ಬುಡದಲ್ಲೇ. ಬೆಟ್ಟಕ್ಕೆ ಆ ಹೆಸರು ಬಂದದ್ದು ಅದನ್ನು ಮುಸುಕುವ ಮಬ್ಬಿನಿಂದ. ನಿಜವಾದ ಹೊಗೆ ಬಂದದ್ದು 1991ರಲ್ಲಿ. ಕುವೈತಿನಿಂದ ಹಿಂದೆ ಸರಿಯುತ್ತಿದ್ದ ಇರಾಕಿ ಸೇನೆ 600ಕ್ಕೂ ಹೆಚ್ಚು ಎಣ್ಣೆ ಬಾವಿಗಳಿಗೆ ಬೆಂಕಿ ಹಚ್ಚಿತು. ಕೊನೆಯ ಬಾವಿ ಆರಿದ್ದು ನವೆಂಬರಿನಲ್ಲಿ. ಉತ್ತರದ ಗಾಳಿಯೊಡನೆ ಆ ಮಸಿ ಇಲ್ಲಿಗೂ ಬಂತು. ಒಣಹಾಕಿದ ಬಟ್ಟೆಯ ಮೇಲೆ ಕಪ್ಪು ಕೂರುತ್ತಿತ್ತು ಎಂದು ಆಗ ಇಲ್ಲಿದ್ದ ಹಿರಿಯರು ಈಗಲೂ ಹೇಳುತ್ತಾರೆ.

ಆ ಯುದ್ಧಕ್ಕೆ ಅಮೆರಿಕದಿಂದ ಸುಮಾರು 7 ಲಕ್ಷ, ಬ್ರಿಟನ್ನಿನಿಂದ 50 ಸಾವಿರಕ್ಕೂ ಹೆಚ್ಚು ಸೈನಿಕರು ಬಂದಿದ್ದರು. ಹೊಗೆ ಒಂದೇ ಅಲ್ಲ, ಇನ್ನೂ ಏನೇನೋ ಅವರ ಮೈಸೇರಿತು. ವಿಷಾನಿಲದಿಂದ ಕಾಪಾಡಲೆಂದು ಪಿರಿಡೋಸ್ಟಿಗ್ಮೀನ್ ಮಾತ್ರೆ ನುಂಗಿಸಿದರು. ನೊಣ, ಸೊಳ್ಳೆಗಳಿಗೆಂದು ಡೇರೆಗಳಲ್ಲಿ ಕೀಟನಾಶಕ ಹೊಡೆದರು. 1991ರ ಮಾರ್ಚಿನಲ್ಲಿ ಇರಾಕಿನ ಖಾಮಿಸಿಯಾದ ಮದ್ದುಗುಂಡಿನ ಉಗ್ರಾಣವನ್ನು ಅಮೆರಿಕನ್ ಸೈನಿಕರೇ ಸ್ಫೋಟಿಸಿದರು. ಅಲ್ಲಿದ್ದ ರಾಕೆಟ್ಟುಗಳಲ್ಲಿ ಸರಿನ್ ಎಂಬ ನರವಿಷವಿತ್ತು. ಅವರ ರಕ್ಷಣಾ ಇಲಾಖೆ ಇದನ್ನು ಒಪ್ಪಿಕೊಂಡದ್ದು 1996ರಲ್ಲಿ. ಐದು ವರ್ಷ ಕಳೆದ ಮೇಲೆ! ಅಷ್ಟರಲ್ಲಿ ಆಯಾಸ, ಮೈಕೈ ನೋವು, ಮರೆವು ಎಂದು ಆಸ್ಪತ್ರೆ ಅಲೆದ ಎಷ್ಟೋ ಸೈನಿಕರಿಗೆ, ‘ಇದೆಲ್ಲ ನಿಮ್ಮ ಮನಸ್ಸಿನದು’ ಎಂಬ ಉತ್ತರ ಸಿಕ್ಕಾಗಿತ್ತು. 2008ರಲ್ಲಿ ಅಮೆರಿಕದ ಸಲಹಾ ಸಮಿತಿಯೊಂದು ಇದು ನಿಜವಾದ ಕಾಯಿಲೆಯೇ, ಹೋದವರಲ್ಲಿ ನಾಲ್ವರಲ್ಲಿ ಒಬ್ಬರಿಗಾದರೂ ಇದೆ ಎಂದಿತು.

ಕಾಯಿಲೆ ಮನೆಯೊಳಗೆ ಬಂದ ಬಗೆಯ ಬಗ್ಗೆ ಮಾತಾಡುವವರು ಕಡಿಮೆ. ಬ್ರಿಟನ್ನಿನ ಮಾಜಿ ಸೈನಿಕರ ಒಂದು ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಮಗುವಿಗಾಗಿ ಪ್ರಯತ್ನಿಸಿಯೂ ಗರ್ಭವೇ ನಿಲ್ಲಲಿಲ್ಲ ಎಂದವರು ಕೊಲ್ಲಿಗೆ ಹೋದ ಗಂಡಸರಲ್ಲಿ ನೂರಕ್ಕೆ 2.5, ಹೋಗದವರಲ್ಲಿ 1.7. ಅಂತರ ದೊಡ್ಡದಲ್ಲ. ಸೈನಿಕರು ತಾವೇ ತುಂಬಿ ಕಳಿಸಿದ ಪತ್ರಗಳ ಲೆಕ್ಕ ಅದು, ಎಲ್ಲರೂ ಉತ್ತರಿಸಿರಲೂ ಇಲ್ಲ. ಅಮೆರಿಕದಲ್ಲಿ 1997ರ ಅಧ್ಯಯನವೊಂದು ಸೈನಿಕರ ಮಕ್ಕಳಲ್ಲಿ ಹುಟ್ಟುದೋಷ ಹೆಚ್ಚಿಲ್ಲ ಎಂದಿತು. ಹಲವು ರಾಜ್ಯಗಳ ದಾಖಲೆ ಜಾಲಾಡಿದ 2003ರ ಇನ್ನೊಂದು ಅಧ್ಯಯನ, ಯುದ್ಧದ ನಂತರ ಬಸಿರಾದ ಮಕ್ಕಳಲ್ಲಿ ಹೃದಯದ ಕವಾಟದ ಕೆಲವು ದೋಷಗಳು ಮತ್ತು ಮೂತ್ರಪಿಂಡವೇ ಬೆಳೆಯದಿರುವುದು ಹೆಚ್ಚು ಕಂಡಿತು ಎಂದಿತು. ಹಾಗಾಗಿ ಯಾರಾದರೂ ‘ಸಾಬೀತಾಗಿದೆ’ ಎಂದರೂ ನಂಬಬೇಡಿ, ‘ಏನೂ ಇಲ್ಲ’ ಎಂದರೂ ನಂಬಬೇಡಿ.

ತಂದೆಯ ಮೈಸೇರಿದ ವಿಷ ಮಗುವಿಗೆ ಹೇಗೆ ತಟ್ಟೀತು ಎಂದು ನೀವು ಕೇಳಬಹುದು. ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಆ ಅವಧಿಯಲ್ಲಿ ತಟ್ಟಿದ ಪೆಟ್ಟು ಸಾಮಾನ್ಯವಾಗಿ ಆ ಕಂತಿನೊಂದಿಗೆ ಹೋಗಿಬಿಡುತ್ತದೆ. ಆದರೆ ವೀರ್ಯಾಣುಗಳನ್ನು ಹುಟ್ಟಿಸುವ ಮೂಲ ಕೋಶಕ್ಕೇ ಪೆಟ್ಟು ಬಿದ್ದರೆ ಅದು ಉಳಿಯುತ್ತದೆ. ವಿಷವೇ ದೇಹದಲ್ಲಿ ಕೂತರೂ ತೊಂದರೆ ಮುಂದುವರಿಯಬಹುದು. ಸರಿನ್ ಬೇಗ ಹೊರಹೋಗುತ್ತದೆ. ವಿಯೆಟ್ನಾಮಿನ ಕಾಡುಗಳ ಮೇಲೆ ಅಮೆರಿಕ ಸುರಿಸಿದ ಏಜೆಂಟ್ ಆರೆಂಜಿನಲ್ಲಿದ್ದ ಡಯಾಕ್ಸಿನ್ ಹಾಗಲ್ಲ, ಅರ್ಧದಷ್ಟು ಕರಗಲೇ ಏಳೆಂಟು ವರ್ಷ ಬೇಕು. ವಿಯೆಟ್ನಾಮ್ ಸೈನಿಕರ ಮಕ್ಕಳಲ್ಲಿ ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದ ಸ್ಪೈನಾ ಬೈಫಿಡಾ ಇದ್ದವರಿಗೆ ನೆರವು ಕೊಡಲು ಅಮೆರಿಕ 1996ರಲ್ಲಿ ಕಾನೂನು ಮಾಡಿತು. ಯುದ್ಧ ಮುಗಿದು ಇಪ್ಪತ್ತು ವರ್ಷ ದಾಟಿತ್ತು. ವಿಯೆಟ್ನಾಮಿನ ಹಳ್ಳಿಗಳ ಮಕ್ಕಳು ಆ ಕಾನೂನಿನಲ್ಲಿ ಇರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.

ನಮ್ಮವರ ಕಥೆಯೂ ಇದೆ, ಅದಕ್ಕೆ ಯುದ್ಧವೇ ಬೇಕಾಗಲಿಲ್ಲ. ಕಾಸರಗೋಡಿನ ಎಣ್ಮಕಜೆ ಪಂಚಾಯಿತಿಯಲ್ಲಿ ಪಡ್ರೆ ಎಂಬ ಊರಿದೆ. ಕನ್ನಡ, ತುಳು ಆಡುವ ಮನೆಗಳು. ಅಲ್ಲೊಂದು ಜಾಗದ ಹೆಸರೇ ಸ್ವರ್ಗ. ಸುತ್ತಲ ಗುಡ್ಡಗಳಲ್ಲಿ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟ. ಅದರ ಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಗುಡ್ಡದ ಮೇಲೆ ಬಿದ್ದದ್ದು ಮಳೆಯೊಡನೆ ತೋಡಿಗೆ, ಬಾವಿಗೆ ಇಳಿಯದೆ ಇರುತ್ತದೆಯೇ? ಕೈಕಾಲು ಸೊಟ್ಟಗಿದ್ದ ಕರುಗಳ ಬಗ್ಗೆ ಪತ್ರಕರ್ತ ಶ್ರೀಪಡ್ರೆ 80ರ ದಶಕದ ಆರಂಭದಲ್ಲೇ ಬರೆದರು. ಊರಿನ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ಮನೆಮನೆಯ ಕಾಯಿಲೆ ಗಮನಿಸಿ, ಒಂದೇ ಊರಿನಲ್ಲಿ ಇಷ್ಟೊಂದು ಏಕೆ ಎಂದು ಕೇಳಿದರು. ಮುಂದೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪಡ್ರೆಯ 117 ಹುಡುಗರನ್ನು ಬೇರೆ ಊರಿನ 90 ಹುಡುಗರ ಜೊತೆ ಹೋಲಿಸಿದರು. ಪಡ್ರೆಯ ಹುಡುಗರು ಪ್ರಾಯಕ್ಕೆ ಬರುವುದು ತಡವಾಗಿತ್ತು. ಸುಪ್ರೀಂ ಕೋರ್ಟ್ 2011ರಲ್ಲಿ ಎಂಡೋಸಲ್ಫಾನ್ ನಿಲ್ಲಿಸಿತು, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಎಂದಿತು. ಇಷ್ಟಾದರೂ ‘ಆ ಊರಿನ ಹೆಣ್ಣು ಬೇಡ’ ಎಂದು ಸಂಬಂಧ ತಪ್ಪಿಸುವವರು ಇದ್ದರು.

ನನಗೆ ಸಿಟ್ಟು ಬರುವುದು ಇಲ್ಲೇ. ನಮ್ಮ ಭಾಷೆಯನ್ನೇ ನೋಡಿ. ‘ಬಂಜೆ’ ಎಂಬ ಪದ ಹೆಣ್ಣಿಗೆ. ಗಂಡಿಗೆ ಸಾಟಿಯಾದ ಪದವೇ ಇಲ್ಲ. ಇರುವ ಒಂದೆರಡು ಪದಗಳ ಅರ್ಥ ಬೇರೆ, ಅವು ಬೈಗುಳಗಳು. ಹಾಗಾಗಿ ಡಾಕ್ಟರರು ‘ಪುರುಷ ಬಂಜೆತನ’ ಎಂದು ವಿಚಿತ್ರವಾಗಿ ಬರೆಯುತ್ತಾರೆ. ಮಗುವಾಗಲಿಲ್ಲವೆಂದರೆ ಅತ್ತೆ ಸೊಸೆಯನ್ನೇ ಕರೆದುಕೊಂಡು ಹೊರಡುತ್ತಾರೆ. ಮಗ ಯಾವ ಕಾರ್ಖಾನೆಯಲ್ಲಿ, ಯಾವ ಹೊಗೆಯಲ್ಲಿ ದುಡಿದು ಬಂದ ಎಂದು ಯಾರೂ ಕೇಳುವುದಿಲ್ಲ.

ಸೈನಿಕರಿಗೆ ಪಟ್ಟಿ ಇತ್ತು, ಪಿಂಚಣಿ ಕಚೇರಿ ಇತ್ತು, ಎಣಿಸಲು ಸಾಧ್ಯವಾಯಿತು. 1991ರಲ್ಲಿ ಕುವೈತಿಗೆ ಮರಳಿ ಆ ಮಸಿಯಲ್ಲೇ ಡ್ರೈವರ್, ಫಿಟ್ಟರ್, ಅಡುಗೆಯವರಾಗಿ ನಿಂತವರನ್ನು ಹಾಗೆ ಎಣಿಸಿದ ಅಧ್ಯಯನ ನನ್ನ ಓದಿನಲ್ಲಿ ಸಿಕ್ಕಿಲ್ಲ. ನಿಮ್ಮ ಅಪ್ಪನೋ ಚಿಕ್ಕಪ್ಪನೋ ಅವರಲ್ಲಿ ಒಬ್ಬರಿರಬಹುದು. ಯಾವ ವರ್ಷ, ಎಲ್ಲಿ, ಏನು ಕೆಲಸ ಎಂದು ಒಮ್ಮೆ ಕೂತು ಕೇಳಿ, ಬರೆದಿಡಿ. ಡಾಕ್ಟರ್ ‘ಕುಟುಂಬದಲ್ಲಿ ಯಾರಿಗಾದರೂ ಏನಾದರೂ?’ ಎಂದಾಗ ಸಕ್ಕರೆ ಕಾಯಿಲೆ, ಬಿಪಿಯ ಜೊತೆ ಇದನ್ನೂ ಹೇಳಿ. ಮುಂದೆ ಮದುವೆಯಾಗಿ, ಒಂದು ವರ್ಷ ಪ್ರಯತ್ನಿಸಿಯೂ ಮಗುವಾಗದಿದ್ದರೆ ಇಬ್ಬರೂ ಒಟ್ಟಿಗೇ ಹೋಗಿ. ವೀರ್ಯ ಪರೀಕ್ಷೆ ಸುಲಭದ್ದು, ಸೂಜಿಯೂ ಚುಚ್ಚುವುದಿಲ್ಲ. ಹೆಂಡತಿಯ ಸ್ಕ್ಯಾನು, ಚುಚ್ಚುಮದ್ದು ಎಲ್ಲ ಮುಗಿದ ಮೇಲೆ ಅಲ್ಲ, ಮೊದಲ ವಾರವೇ ಮಾಡಿಸಿ. ಪ್ರಶ್ನೆಗಳಿದ್ದರೆ ರೇಡಿಯೊಗೆ ಬರೆಯಿರಿ, ಹೆಸರು ಹಾಕಬೇಕಾಗಿಲ್ಲ.