ಗೆದ್ದ ತಂಡದ ಬಿಡುವಿನ ತಿಂಗಳುಗಳು

ನಮ್ಮ ಊರುಗಳಲ್ಲಿ ತೇರು ಎಳೆಯುವುದು ವರ್ಷಕ್ಕೆ ಒಂದೇ ದಿನ. ಅಂದು ಊರಿಗೆ ಊರೇ ಹಗ್ಗಕ್ಕೆ ಕೈ ಹಚ್ಚುತ್ತದೆ. ಬಾಳೆಹಣ್ಣು, ದವನ ಗಾಳಿಯಲ್ಲಿ ಹಾರುತ್ತವೆ. ಜಯಘೋಷ ಮುಗಿಲು ಮುಟ್ಟುತ್ತದೆ. ಮರುದಿನ ಬೆಳಿಗ್ಗೆ ತೇರುಬೀದಿಗೆ ಹೋಗಿ ನೋಡಿದರೆ, ತುಳಿದ ಹಣ್ಣಿನ ಸಿಪ್ಪೆಯನ್ನು ಬಿಟ್ಟು ಅಲ್ಲಿ ಏನೂ ಉಳಿದಿರುವುದಿಲ್ಲ. ಆದರೆ ಬರುವ ವರ್ಷವೂ ತೇರು ಮುಗ್ಗರಿಸದೆ ಸಾಗಬೇಕಾದರೆ ಬಿರುಕು ಬಿಟ್ಟ ಗಾಲಿಯನ್ನು ಯಾರಾದರೂ ನೋಡಿಕೊಳ್ಳಬೇಕು, ಸವೆದ ಹಗ್ಗವನ್ನು ಬದಲಾಯಿಸಬೇಕು. ಆ ಕೆಲಸಕ್ಕೆ ವಾದ್ಯವೂ ಇಲ್ಲ, ಜನಸಂದಣಿಯೂ ಇಲ್ಲ.

ಕಾಲ್ಚೆಂಡಾಟದ ತಂಡಗಳ ಕಥೆಯೂ ಹೀಗೆಯೇ. ಗೆದ್ದ ದಿನದ ಸಂಭ್ರಮವನ್ನು ಎಲ್ಲರೂ ಬಲ್ಲರು. ಅದಾದ ಮೇಲೆ ಬರುವ ಎರಡು ಮೂರು ತಿಂಗಳ ಬಿಡುವಿನಲ್ಲಿ ಆಗುವ ಕೂಡಿಕೆ ಕಳೆಯುವಿಕೆಗಳು ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲಾಗಿ ಬಂದು ಹೋಗುತ್ತವೆ. ಅಭಿಮಾನಿಗಳಿಗೆ ಮಾತ್ರ ಆ ತಿಂಗಳುಗಳೇ ಹೆಚ್ಚು ತಳಮಳದವು. ಯಾರು ಉಳಿದರು? ಯಾರು ಹೊರಟರು? ಬಂದವರು ಹೋದವರ ಜಾಗವನ್ನು ತುಂಬಿಯಾರೆ? ಇಂದು ಈ ತಳಮಳದ ವಿಚಾರವಾಗಿಯೇ ಒಂದೆರಡು ಮಾತು ಹೇಳಬೇಕೆಂದಿದ್ದೇನೆ. ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ನಮ್ಮ ಬೆಂಗಳೂರು ಎಫ್‌ಸಿ ತಂಡವೇ ಇದೆ.

ಈ ತಂಡ ಹುಟ್ಟಿದ್ದು 2013ರ ಜುಲೈ ತಿಂಗಳಲ್ಲಿ. ಅದಕ್ಕೆ ಹಿಂದಿನ ವರ್ಷವಷ್ಟೇ ಎಚ್‌ಎಎಲ್ ತಂಡ ಐ-ಲೀಗಿನಿಂದ ಕೆಳಗಿಳಿದು, ದೇಶದ ದೊಡ್ಡ ಲೀಗಿನಲ್ಲಿ ಬೆಂಗಳೂರಿನ ಹೆಸರೇ ಇಲ್ಲದಂತಾಗಿತ್ತು. ಹೊಸ ತಂಡಕ್ಕೆ ಇಂಗ್ಲೆಂಡಿನ ಆಷ್ಲಿ ವೆಸ್ಟ್‌ವುಡ್ ತರಬೇತುದಾರರು, ಸುನಿಲ್ ಛೇತ್ರಿ ನಾಯಕರು. ಮೊದಲ ವರ್ಷ ತಾನೆ, ನಡುವಿನಲ್ಲೆಲ್ಲಾದರೂ ನಿಂತರೆ ಸಾಕು ಎಂದುಕೊಂಡಿದ್ದವರೇ ಹೆಚ್ಚು. 2014ರ ಏಪ್ರಿಲ್ 21ರಂದು ಗೋವೆಯ ಮಡಗಾಂವಿನಲ್ಲಿ, ಅನುಭವದಲ್ಲಿ ಮುತ್ತಜ್ಜನಂತಿದ್ದ ಡೆಂಪೊ ತಂಡವನ್ನು 4-2ರಿಂದ ಸೋಲಿಸಿ, ಹುಟ್ಟಿದ ವರ್ಷವೇ ಲೀಗ್ ಗೆದ್ದುಬಿಟ್ಟಿತು!

ಅಂದಿನ ಸಂತೋಷವನ್ನು ನಾನು ವರ್ಣಿಸುವುದಿಲ್ಲ. ನಾನು ಹೇಳಹೊರಟದ್ದು ಆಮೇಲಿನ ಮಾತು. ಮುಂದಿನ ಋತುವಿಗೆ ತಂಡ ಮನೆ ಬದಲಾಯಿಸುತ್ತದೆ ಎಂಬ ಸುದ್ದಿ ಬಂತು. ಅಶೋಕನಗರದ ಹಳೆಯ ಫುಟ್‌ಬಾಲ್ ಮೈದಾನದಲ್ಲಿ ಪ್ರೇಕ್ಷಕರು ಕುಳಿತಿರುತ್ತಿದ್ದುದು ಆಟದ ಪಕ್ಕದಲ್ಲೇ; ಆಟಗಾರ ಏದುಸಿರು ಬಿಟ್ಟರೂ ಕೇಳಿಸುವಷ್ಟು ಹತ್ತಿರ. ಅಲ್ಲಿನ ಪಶ್ಚಿಮದ ಅಂಕಣದಲ್ಲಿ ನಿಂತು ಹಾಡುತ್ತಿದ್ದ ಹುಡುಗರೇ ತಮ್ಮನ್ನು ವೆಸ್ಟ್ ಬ್ಲಾಕ್ ಬ್ಲೂಸ್ ಎಂದು ಕರೆದುಕೊಂಡವರು. ಇನ್ನು ಹೋಗಬೇಕಾದದ್ದು ಕಂಠೀರವ ಕ್ರೀಡಾಂಗಣಕ್ಕೆ. ಒಂದು ಕಾಲಕ್ಕೆ ಸಂಪಂಗಿ ಕೆರೆ ಇದ್ದ ಜಾಗ ಅದು. ವಿಶಾಲವೇನೋ ಹೌದು, ಆದರೆ ಆಟಕ್ಕೂ ಪ್ರೇಕ್ಷಕರಿಗೂ ನಡುವೆ ಓಟದ ಪಥವೊಂದು ಸುತ್ತಿಕೊಂಡಿದೆ. “ದೊಡ್ಡ ಮನೆಗೆ ಹೋದಮೇಲೆ ಅಡಿಗೆಮನೆಯಿಂದ ಕೂಗಿದರೆ ಪಡಸಾಲೆಗೆ ಕೇಳಿಸೋದಿಲ್ಲ” ಎಂದು ನಮ್ಮ ನೆರೆಯ ತಾಯಿಯೊಬ್ಬರು ಹೇಳಿದ ಮಾತು ನನಗೆ ಬಹಳ ಸರಿಯೆನಿಸಿತ್ತು. ಆದರೂ ಹುಡುಗರು ಹೋದರು. ಹೆಸರನ್ನೂ ಹಾಡನ್ನೂ ಹೊತ್ತುಕೊಂಡೇ ಹೋದರು.

ಆ ವರ್ಷ ತಂಡವೇನೂ ಕೆಡಲಿಲ್ಲ. ಫೆಡರೇಷನ್ ಕಪ್ ಬಂತು. ಲೀಗ್ ಕೂಡ ಕೈಗೆ ಬಂದಂತೆಯೇ ಇತ್ತು. 2015ರ ಮೇ 31ರಂದು ಕಂಠೀರವದಲ್ಲಿ ಕೊನೆಯ ಪಂದ್ಯ. ಎದುರಾಳಿ ಮೋಹನ್ ಬಗಾನ್. ಗೆದ್ದರೆ ಪ್ರಶಸ್ತಿ ನಮ್ಮದು, ಸಮವಾದರೆ ಅವರದು. ಜಾನ್ ಜಾನ್ಸನ್ ಹೊಡೆದ ಗೋಲಿನಿಂದ ಬೆಂಗಳೂರು ಮುಂದಿತ್ತು. ಇನ್ನು ಮೂರೇ ನಿಮಿಷ ಎನ್ನುವಾಗ, 87ನೆಯ ನಿಮಿಷದಲ್ಲಿ, ಬೆಲ್ಲೊ ರಜಾಕ್ ತಲೆಯಿಂದ ಚೆಂಡನ್ನು ಒಳಗೆ ತೂರಿದರು. ಪ್ರಶಸ್ತಿ ಕಲ್ಕತ್ತೆಗೆ ಹೋಯಿತು. ಬಹುಪಾಲು ಹಳೆಯ ಆಟಗಾರರನ್ನೇ ಉಳಿಸಿಕೊಂಡೂ ಸೋತೆವು ಎಂಬುದನ್ನು ತಾವು ಗಮನಿಸಬೇಕು. ಯಾರನ್ನೂ ಬಿಡಬೇಡಿ, ಎಲ್ಲರನ್ನೂ ಉಳಿಸಿಕೊಳ್ಳಿ ಎಂದು ನಾವು ಅಭಿಮಾನಿಗಳು ಬೇಡುತ್ತೇವಲ್ಲ, ಅದೊಂದೇ ಗೆಲುವಿಗೆ ಭರವಸೆಯಲ್ಲ.

ಅದೇ ವರ್ಷ ಜುಲೈನಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಇಂಡಿಯನ್ ಸೂಪರ್ ಲೀಗ್ ಎಂಬ ಇನ್ನೊಂದು ಪಂದ್ಯಾವಳಿ ವರ್ಷದ ಕೊನೆಯ ತಿಂಗಳುಗಳಲ್ಲಿ ನಡೆಯುತ್ತಿತ್ತು. ಅದಕ್ಕಾಗಿ ಆಟಗಾರರ ಹರಾಜು ಮಾಡಿದರು. ನಮ್ಮ ನಾಯಕ ಛೇತ್ರಿಯವರನ್ನು ಮುಂಬಯಿ ತಂಡ 1 ಕೋಟಿ 20 ಲಕ್ಷ ರೂಪಾಯಿಗೆ ಕೂಗಿಕೊಂಡಿತು. ಪಕ್ಕದ ಮನೆಗೆ ಕಾಫಿಪುಡಿ ಎರವಲು ಕೊಡುವುದನ್ನು ಕಂಡಿದ್ದೆವು; ಮನೆಯ ಯಜಮಾನನನ್ನೇ ಎರವಲು ಕೊಡುವುದನ್ನು ಕಂಡದ್ದು ಆಗಲೇ. ಋತು ಮುಗಿದ ಮೇಲೆ ಅವರು ಹಿಂತಿರುಗಿ ಬಂದರು, ನೀಲಿ ಅಂಗಿ ತೊಟ್ಟರು. 2016ರ ಏಪ್ರಿಲ್ 17ರಂದು ಕಂಠೀರವದಲ್ಲೇ ಸಾಲ್ಗಾಂವ್ಕರ್ ತಂಡವನ್ನು 2-0ಯಿಂದ ಸೋಲಿಸಿ ಬೆಂಗಳೂರು ಮತ್ತೆ ಲೀಗ್ ಗೆದ್ದಿತು.

ಈ ಸಲ ಗೆಲುವು ಮನೆಯಂಗಳದಲ್ಲಿ. ಅಪ್ಪನ ಹೆಗಲ ಮೇಲೆ ಕುಳಿತ ಮಗುವಿನಿಂದ ಹಿಡಿದು ಕೋಲೂರಿ ನಡೆಯುವ ಮುದುಕರವರೆಗೆ ಎಲ್ಲರ ಮುಖವೂ ಅರಳಿತ್ತು. ಆದರೆ ಬೇಸಿಗೆ ಮುಗಿಯುವುದರೊಳಗೆ ಸುದ್ದಿ ಬಂತು: ವೆಸ್ಟ್‌ವುಡ್ ತಂಡವನ್ನು ಬಿಟ್ಟು ಹೊರಟರು. ಅದೂ ಎಂಥ ಹೊತ್ತಿನಲ್ಲಿ! ಎಎಫ್‌ಸಿ ಕಪ್ ಎಂಬ ಏಷ್ಯಾ ಖಂಡದ ಪಂದ್ಯಾವಳಿಯಲ್ಲಿ, ಹಾಂಗ್‌ಕಾಂಗಿಗೆ ಹೋಗಿ ಕಿಚೀ ತಂಡವನ್ನು 3-2ರಿಂದ ಸೋಲಿಸಿ, ಉಳಿದ ಎಂಟು ತಂಡಗಳಲ್ಲಿ ಒಂದಾಗಿ ನಿಂತಿದ್ದ ಹೊತ್ತಿನಲ್ಲಿ.

ನಾವು ನಾಲ್ಕೈದು ಮಂದಿ ಭಾನುವಾರ ಬೆಳಿಗ್ಗೆ ಕಾಫಿಗೆ ಸೇರುವ ಹೋಟೆಲೊಂದುಂಟು. ಅಂದು ದೋಸೆ ಆರಿ ಹೋದರೂ ಯಾರಿಗೂ ಪರಿವೆಯಿರಲಿಲ್ಲ.

“ಗೆಲ್ಲಿಸಿದವರೇ ಹೋದಮೇಲೆ ಇನ್ನೇನ್ ಸಾರ್ ಉಳೀತು?” ಎಂದ ಕಾಲೇಜಿನ ಹುಡುಗ. “ಮೂರು ವರ್ಷದಲ್ಲಿ ಎರಡು ಲೀಗು, ಒಂದು ಫೆಡರೇಷನ್ ಕಪ್ಪು. ಅಂಥವರನ್ನ ಯಾರಾದ್ರೂ ಬಿಟ್ಟುಕೊಡ್ತಾರಾ?”

“ಹೋಗೋರು ಹೋಗ್ಲಿ ಬಿಡಪ್ಪ. ಗೋಲ್ ಹೊಡಿಯೋದು ಕೋಚಲ್ಲ, ಕಾಲು” ಎಂದರು ಆಟೋ ಓಡಿಸುವ ನಮ್ಮ ಮಿತ್ರರು.

“ಲೆಸ್ಟರ್ ನೋಡಿ ಅಣ್ಣ, ಅಲ್ಲಿಂದ ಕಾಂಟೆ ಹೊರಟೇಬಿಟ್ಟ!” ಎಂದು ಹುಡುಗ ಮತ್ತೆ ಹೊಯ್ದಾಡಿದ.

ಅವನು ಹೇಳಿದ್ದು ಇಂಗ್ಲೆಂಡಿನ ಲೆಸ್ಟರ್ ಸಿಟಿ ತಂಡದ ವಿಚಾರ. ಯಾರೂ ಎಣಿಸದಿದ್ದ ಆ ತಂಡ ಅದೇ 2016ರ ಮೇ ತಿಂಗಳಲ್ಲಿ ಪ್ರೀಮಿಯರ್ ಲೀಗ್ ಗೆದ್ದು, ಆ ಊರಿನ ಮೆರವಣಿಗೆಗೆ ಲಕ್ಷಾಂತರ ಜನ ನೆರೆದಿದ್ದರು. ಜುಲೈನಲ್ಲಿ ಎನ್‌ಗೋಲೊ ಕಾಂಟೆ ಚೆಲ್ಸಿ ತಂಡಕ್ಕೆ ಹೋದರು. ಹುಡುಗನ ಭಯ ಅಲ್ಲಿ ನಿಜವೇ ಆಯಿತು. ಮುಂದಿನ ಋತುವಿನಲ್ಲಿ ಲೆಸ್ಟರ್ ಕೆಳಕೆಳಗೆ ಜಾರಿತು. ಪ್ರಶಸ್ತಿ ತಂದುಕೊಟ್ಟ ತರಬೇತುದಾರ ರಾನಿಯೇರಿಯವರನ್ನು 2017ರ ಫೆಬ್ರವರಿಯಲ್ಲಿ ತೆಗೆದುಹಾಕಿದರು. ಆ ವರ್ಷದ ಪ್ರಶಸ್ತಿ ಕಾಂಟೆ ಹೋಗಿ ಸೇರಿದ ಚೆಲ್ಸಿಯ ಪಾಲಾಯಿತು.

ಅಂದು ನಮ್ಮ ನಡುವೆ ಕುಳಿತಿದ್ದ ಹಿರಿಯರೊಬ್ಬರು ಅದುವರೆಗೆ ಬಾಯಿ ಬಿಟ್ಟಿರಲಿಲ್ಲ. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಹಲಸೂರಿನ ಗೌತಮಪುರದ ಕಡೆಯವರು. ಪೆಲೆಯ ಪ್ರತಿಮೆಯನ್ನು ಬೀದಿಯಲ್ಲಿ ನಿಲ್ಲಿಸಿಕೊಂಡಿರುವ ಬಡಾವಣೆ ಅದು. ಅವರು ಲೋಟವನ್ನು ಕೆಳಗಿಟ್ಟು ಹೇಳಿದರು: “ಇದೇನು ಹೊಸದಾ ಮರಿ? ನಮ್ಮ ಅಹಮದ್ ಖಾನ್ ಇಲ್ಲೇ ಬೆಳೆದವರು. ನಲವತ್ತೆಂಟರ ಒಲಿಂಪಿಕ್ಸ್‌ಗೆ ಹೋಗಿ ಬಂದರು, ಮರುವರ್ಷ ಕಲ್ಕತ್ತೆಗೆ ಹೋದರು. ಈಸ್ಟ್ ಬೆಂಗಾಲ್‌ನವರು ಪಂಚಪಾಂಡವರು ಅಂತ ಕರೀತಿದ್ದರಲ್ಲ, ಅವರಲ್ಲಿ ಒಬ್ಬರು. ಹೋದವರು ಅಲ್ಲಿ ಹೆಸರು ಮಾಡಿದರು, ಸಂತೋಷ. ಇಲ್ಲಿ ಅವರ ಜಾಗದಲ್ಲಿ ಯಾರನ್ನ ಬೆಳೆಸಿದರು ಅಂತ ಕೇಳು.”

ಈ ಪ್ರಶ್ನೆ ನನ್ನನ್ನು ಬಹುದಿನ ಬಿಡಲಿಲ್ಲ. ಬೆಂಗಳೂರಿನ ಕಾಲ್ಚೆಂಡಾಟ ಬಡವರ ಮನೆಯದೇನಲ್ಲ. ಬೊಂಬಾಯಿಯ ರೋವರ್ಸ್ ಕಪ್ಪನ್ನು ಬೆಂಗಳೂರು ಮುಸ್ಲಿಂಸ್ ತಂಡ 1937ರಲ್ಲಿ ಗೆದ್ದಿತು, 1938ರಲ್ಲಿ ಮತ್ತೆ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ, ನಮ್ಮವರಲ್ಲಿ ಬಹುಮಂದಿ ಬರಿಗಾಲಿನಲ್ಲಿ ಆಡಿದ ಪಂದ್ಯದಲ್ಲಿ, ಫ್ರಾನ್ಸಿನ ಮೇಲೆ ಭಾರತದ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಮೈಸೂರು ರಾಜ್ಯದ ತಂಡ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದಿತು, ಕೊನೆಯದು 1968-69ರಲ್ಲಿ. ಆಮೇಲೆ? ರಾಜ್ಯದ ಹೆಸರು ಕರ್ನಾಟಕವಾಯಿತು, ಪ್ರಶಸ್ತಿ ಮಾತ್ರ ಬರಲಿಲ್ಲ. ಅದು ಮತ್ತೆ ಬಂದದ್ದು 2023ರ ಮಾರ್ಚ್ 4ರಂದು, ದೂರದ ರಿಯಾದ್ ನಗರದಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದಾಗ. ನಡುವೆ 54 ವರ್ಷ ತೇರು ಮನೆಯೊಳಗೇ ನಿಂತಿತ್ತು. ಇದಕ್ಕೆ ಕಾರಣ ಒಂದೇ ಎಂದು ಹೇಳುವುದು ತಪ್ಪಾದೀತು. ಆದರೂ, ಆಟಗಾರರು ಬಿಟ್ಟುಹೋದದ್ದಕ್ಕಿಂತ ಪ್ರೇಕ್ಷಕರು ಬಿಟ್ಟುಹೋದದ್ದು ದೊಡ್ಡ ನಷ್ಟವೆಂದು ನನಗೆ ತೋರುತ್ತದೆ. ನೋಡುವವರು ತೆಳುವಾದಂತೆ ಆಡುವ ಹುಡುಗನಿಗೂ ಆಸೆ ಕುಗ್ಗುತ್ತದೆ.

ಮತ್ತೆ 2016ಕ್ಕೆ ಬರೋಣ. ಜುಲೈನಲ್ಲಿ ಸ್ಪೇನಿನ ಆಲ್ಬರ್ಟ್ ರೋಕಾ ಬಂದರು. ಬಾರ್ಸಿಲೋನಾ ತಂಡದಲ್ಲಿ ರೈಕಾರ್ಡರಿಗೆ ಸಹಾಯಕರಾಗಿದ್ದವರು, ಎಲ್ ಸಾಲ್ವಡೋರ್ ದೇಶದ ತಂಡವನ್ನು ತಿದ್ದಿದವರು. ಅವರ ರೀತಿಯೇ ಬೇರೆ: ಚೆಂಡನ್ನು ದೂರಕ್ಕೆ ಒದೆಯುವುದಕ್ಕಿಂತ ಕಾಲಿನಿಂದ ಕಾಲಿಗೆ ದಾಟಿಸುತ್ತ ಹೋಗುವುದು. ಸ್ಪೇನಿನಿಂದಲೇ ಹುವಾನಾನ್ ಎಂಬ ರಕ್ಷಣಾ ಆಟಗಾರರು ಬಂದರು. ಹಳೆಯ ತಂಡ, ಹೊಸ ಪಾಠ. ಕಲಿಯಲು ಇದ್ದದ್ದು ಎರಡೇ ತಿಂಗಳು.

ಅಕ್ಟೋಬರ್ 19ರ ರಾತ್ರಿ ಕಂಠೀರವಕ್ಕೆ ಬಂದದ್ದು ಹಿಂದಿನ ವರ್ಷ ಆ ಕಪ್ಪನ್ನು ಗೆದ್ದಿದ್ದ ಮಲೇಷಿಯಾದ ಜೊಹೋರ್ ತಂಡ. ಅಲ್ಲಿನ ಮೊದಲ ಪಂದ್ಯ 1-1ರಲ್ಲಿ ಮುಗಿದಿತ್ತು. ಇಲ್ಲಿ ಮೊದಲ ಗೋಲು ಅವರದೇ ಆಯಿತು. ಆಮೇಲೆ ಛೇತ್ರಿ ಒಂದು ಹೊಡೆದರು, ಇನ್ನೊಂದು ಹೊಡೆದರು. ಮೂರನೆಯದನ್ನು ಹುವಾನಾನ್ ಹೊಡೆದರು. 3-1! ಭಾರತದ ಯಾವ ತಂಡವೂ ಅಲ್ಲಿಯವರೆಗೆ ಎಎಫ್‌ಸಿ ಕಪ್ಪಿನ ಅಂತಿಮ ಪಂದ್ಯವನ್ನು ಮುಟ್ಟಿರಲಿಲ್ಲ. ನವೆಂಬರ್ 5ರಂದು ದೋಹಾದಲ್ಲಿ ಇರಾಕಿನ ವಾಯುಪಡೆಯ ತಂಡದೆದುರು 0-1ರಿಂದ ಸೋತೆವು, ನಿಜ. ಆದರೆ ಜುಲೈನಲ್ಲಿ “ಇನ್ನೇನ್ ಉಳೀತು” ಎಂದಿದ್ದ ಹುಡುಗ ಆ ರಾತ್ರಿ ಕಣ್ಣೊರೆಸಿಕೊಳ್ಳುತ್ತಲೇ ಹಾಡುತ್ತಿದ್ದುದನ್ನು ಕಂಡೆ.

ಸೋತ ಮೇಲಿನ ಬಿಡುವಿಗೂ ಇದೇ ಬೆಲೆಯುಂಟು. 2018ರ ಮಾರ್ಚ್ 17ರಂದು, ಅಷ್ಟರಲ್ಲಿ ಇಂಡಿಯನ್ ಸೂಪರ್ ಲೀಗಿಗೆ ಸೇರಿದ್ದ ಬೆಂಗಳೂರು, ಕಂಠೀರವದಲ್ಲೇ ಅಂತಿಮ ಪಂದ್ಯವನ್ನು ಚೆನ್ನೈಯಿನ್ ತಂಡಕ್ಕೆ 2-3ರಿಂದ ಒಪ್ಪಿಸಿತು. ರೋಕಾ ಹೊರಟರು. ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾದ್ರತ್ ಅದೇ ಪಾಠವನ್ನು ಮುಂದುವರಿಸಿದರು. ಸರಿಯಾಗಿ ವರ್ಷ ತುಂಬಿದ ದಿನ, 2019ರ ಮಾರ್ಚ್ 17ರಂದು, ಮುಂಬಯಿಯಲ್ಲಿ ಗೋವಾ ತಂಡದ ಮೇಲೆ 117ನೆಯ ನಿಮಿಷದಲ್ಲಿ ರಾಹುಲ್ ಭೇಕೆ ಹೊಡೆದ ಒಂದೇ ಗೋಲಿನಿಂದ ಪ್ರಶಸ್ತಿ ಬಂತು. ಆ ಬೇಸಿಗೆಯಲ್ಲಿ, ಎಲ್ಲರ ಮೆಚ್ಚಿನ ಮಿಕು, ವೆನೆಜುವೆಲಾದವರು, ತಂಡವನ್ನು ಬಿಟ್ಟರು. ಮರುವರ್ಷ ಬೆಂಗಳೂರು ಉಪಾಂತ್ಯದಲ್ಲಿ ಕಲ್ಕತ್ತೆಯ ತಂಡಕ್ಕೆ ಸೋತಿತು.

ಹೀಗೆ ಲೆಕ್ಕ ಹಾಕುತ್ತ ಹೋದರೆ ಸೂತ್ರ ಯಾವುದೂ ಸಿಕ್ಕುವುದಿಲ್ಲ. ಉಳಿಸಿಕೊಂಡಾಗ ಸೋತದ್ದುಂಟು, ಕಳೆದುಕೊಂಡಾಗ ಮೇಲೇರಿದ್ದುಂಟು, ಕಳೆದುಕೊಂಡು ಕೆಳಗಿಳಿದದ್ದೂ ಉಂಟು. ಒಂದು ಮಾತು ಮಾತ್ರ ಖಚಿತ: ಗೆದ್ದ ತಂಡ ಗೆದ್ದಂತೆಯೇ ಮತ್ತೊಮ್ಮೆ ಮೈದಾನಕ್ಕೆ ಇಳಿಯುವುದಿಲ್ಲ. ಒಬ್ಬರಾದರೂ ಹೋಗಿರುತ್ತಾರೆ, ಒಬ್ಬರಾದರೂ ಹೊಸಬರು ಬಂದಿರುತ್ತಾರೆ. ಹೋದವರನ್ನು ಬೈಯುವುದರಲ್ಲಿ ಅರ್ಥವಿಲ್ಲ. ಆಟಗಾರನ ಕಾಲಿಗೆ ಬಲವಿರುವುದು ಹತ್ತು ಹನ್ನೆರಡು ವರ್ಷ. ಅಷ್ಟರಲ್ಲಿ ಅವನು ತನ್ನ ಮನೆಯನ್ನೂ ನೋಡಿಕೊಳ್ಳಬೇಕು. ಬಂದವರನ್ನು ಹೋದವರ ಅಳತೆಗೋಲಿನಿಂದ ಅಳೆಯುವುದೂ ನ್ಯಾಯವಲ್ಲ. ಹೊಸ ಸೊಸೆಯ ಸಾರಿಗೆ ಹಳೆಯ ರುಚಿ ಹುಡುಕಿದರೆ ಸಿಕ್ಕೀತೆ?

ಹಾಗಾದರೆ ಅಭಿಮಾನಿ ಮಾಡಬೇಕಾದದ್ದೇನು? ಬಿಡುವಿನ ತಿಂಗಳುಗಳಲ್ಲಿ ಜಗಳವಾಡಲಿ, ತಪ್ಪಿಲ್ಲ; ಕಾಫಿಗೆ ಅದೇ ಸಕ್ಕರೆ. ಆದರೆ ಋತುವಿನ ಮೊದಲ ಪಂದ್ಯದ ದಿನ, ಮೆಚ್ಚಿನವರು ಇಲ್ಲವೆಂದು ಮನೆಯಲ್ಲಿ ಉಳಿಯದೆ ಹೋಗಿ ತನ್ನ ಜಾಗದಲ್ಲಿ ಕುಳಿತುಕೊಳ್ಳಲಿ. ಸಾಧ್ಯವಾದರೆ ಬಡಾವಣೆಯ ಹುಡುಗನೊಬ್ಬನನ್ನು ಜೊತೆಗೆ ಕರೆದೊಯ್ಯಲಿ.

ನಮ್ಮ ಹೋಟೆಲಿನ ಹಿರಿಯರು ಹಾಗೆಯೇ ಮಾಡುತ್ತಾರೆ. ಮೊಮ್ಮಗನ ಕೈ ಹಿಡಿದು ಕಂಠೀರವದ ಮೆಟ್ಟಿಲು ಹತ್ತುತ್ತಾರೆ. ಹೊಸ ಆಟಗಾರರ ಹೆಸರು ಅವರ ಬಾಯಿಗೆ ಸುಲಭವಾಗಿ ಹೊರಳುವುದಿಲ್ಲ. ಮೊಮ್ಮಗ ಪಕ್ಕದಲ್ಲಿ ಕುಳಿತು ಒಂದೊಂದಾಗಿ ಹೇಳಿಕೊಡುತ್ತಾನೆ.