ಎರಡು ಭಾಷೆಗಳ ನಡುವಿನ ಕೊಂಡಿ

ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾದರೂ ಸೆರಗು ರೇಷ್ಮೆಯದಿರಬಹುದು. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ನೂಲು ಎಷ್ಟೇ ಚೆನ್ನಾಗಿರಲಿ, ಕೊಂಡಿ ತಪ್ಪಿದರೆ ಸೀರೆ ಕೆಟ್ಟಿತು. ಗಣಕಯಂತ್ರದ ಕೆಲಸದಲ್ಲಿಯೂ ಇಂಥ ಕೊಂಡಿಯ ಜಾಗವೊಂದುಂಟು. ಅದರ ವಿಚಾರವಾಗಿ ಇಂದು ನಾಲ್ಕು ಮಾತು.

ಗಣಕಕ್ಕೆ ಕೆಲಸ ಹೇಳುವ ಭಾಷೆಗಳು ಹಲವು. ೧೯೭೨ರ ಸುಮಾರಿಗೆ ಅಮೇರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಡೆನ್ನಿಸ್ ರಿಚಿಯವರು ರೂಪಿಸಿದ ‘ಸಿ’ ಅವುಗಳಲ್ಲಿ ಹಿರಿಯರ ಸಾಲಿಗೆ ಸೇರಿದ್ದು. ಪೈಥಾನ್‌ನಂತಹ ಈಚಿನ ಭಾಷೆಗಳಲ್ಲಿ ಬರೆಯುವವರು ಕೂಡ ಸಿ ಭಾಷೆಯಲ್ಲಿ ಸಿದ್ಧವಾಗಿರುವ ಲೈಬ್ರರಿಗಳನ್ನು ಕರೆದು ಕೆಲಸ ಮಾಡಿಸಿಕೊಳ್ಳುತ್ತಾರೆ. ಮೊಬೈಲ್ ಫೋನುಗಳಲ್ಲಿ ಹೆಸರು, ಸಂದೇಶಗಳನ್ನು ಕೂಡಿಡಲು ಬಳಸುವ ಎಸ್‌ಕ್ಯೂಲೈಟ್ ಅಂಥದೊಂದು ಲೈಬ್ರರಿ, ೨೦೦೦ದಲ್ಲಿ ಹುಟ್ಟಿದ್ದು.

ತೊಡಕು ಬರುವುದು ಬರಹವನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಿಸುವಾಗ. ಸಿ ಭಾಷೆಗೆ ನಮ್ಮ ಅಕ್ಷರಗಳ ಪರಿಚಯವಿಲ್ಲ. ಅದು ಬಲ್ಲದ್ದು ಬೈಟುಗಳೆಂಬ ಸಣ್ಣ ಸಣ್ಣ ಮನೆಗಳ ಸಾಲನ್ನು ಮಾತ್ರ. ಪದ್ಯದ ಕೊನೆಗೆ ಎರಡು ಗೆರೆ ಎಳೆಯುವಂತೆ, ಸಾಲು ಮುಗಿಯಿತೆನ್ನಲು ಕೊನೆಗೊಂದು ಸೊನ್ನೆ ಇಡುವುದು ಅಲ್ಲಿಯ ಪದ್ಧತಿ. ಪೈಥಾನ್ ಹಾಗಲ್ಲ. ಬರಹದ ಉದ್ದವನ್ನು ಅದು ಮೊದಲೇ ಎಣಿಸಿಟ್ಟುಕೊಂಡಿರುತ್ತದೆ. ಎಣಿಸುವುದು ಯೂನಿಕೋಡ್ ಸಂಕೇತಗಳನ್ನು, ಬೈಟುಗಳನ್ನಲ್ಲ.

‘ಬಾದಾಮಿ’ ಎಂಬ ಹೆಸರನ್ನೇ ತೆಗೆದುಕೊಳ್ಳೋಣ. ಕಣ್ಣಿಗೆ ೩ ಅಕ್ಷರ. ಯೂನಿಕೋಡಿನ ಲೆಕ್ಕದಲ್ಲಿ ಮೂರು ವ್ಯಂಜನ, ಎರಡು ಇಳಿ, ಒಂದು ಗುಡಿಸು, ಒಟ್ಟು ೬ ಸಂಕೇತ. ೧೯೯೨ರಲ್ಲಿ ರೂಪುಗೊಂಡ ಯುಟಿಎಫ್-೮ ಎಂಬ ಪದ್ಧತಿಯಲ್ಲಿ ಬರೆದರೆ ಕನ್ನಡದ ಒಂದೊಂದು ಸಂಕೇತಕ್ಕೂ ೩ ಬೈಟು. ಆಗ ೧೮ ಬೈಟು. ಕೊನೆಯ ಸೊನ್ನೆ ಸೇರಿದರೆ ೧೯. ಹೆಸರು ಒಂದೇ, ಎಣಿಕೆ ನಾಲ್ಕು!

ಎಸ್‌ಕ್ಯೂಲೈಟಿಗೆ ಬರಹವನ್ನು ಕೊಡುವಾಗ, ‘ಎಷ್ಟು ಬೈಟು?’ ಎಂದು ಅದು ಕೇಳುತ್ತದೆ. ಪೈಥಾನಿನೊಡನೆ ಬರುವ ಸಿದ್ಧ ಕೊಂಡಿ ಇದಕ್ಕೆ ಸರಿಯಾದ ಉತ್ತರವನ್ನೇ ಕೊಡುತ್ತದೆ. ಆದರೆ ಕೊಂಡಿಯನ್ನು ತಾವೇ ಹಾಕುವವರು ಸಂಕೇತಗಳ ಎಣಿಕೆಯಾದ ೬ನ್ನೇ ಕೊಟ್ಟರೆಂದುಕೊಳ್ಳಿ. ಆರು ಬೈಟಿಗೆ ಉಳಿಯುವುದು ‘ಬಾ’ ಮಾತ್ರ. ಬಾಗಲಕೋಟೆಗೆ ೮ ಎಂದರೆ ಉಳಿಯುವುದು ಮತ್ತೆ ‘ಬಾ’, ಜೊತೆಗೆ ಮುರಿದ ಸಂಕೇತದ ಎರಡು ಚೂರು. ಹುನಗುಂದ ‘ಹು’ ಆಗಿ, ಇಳಕಲ್ ‘ಇ’ ಆಗಿ ಹಿಂದೆ ಚೂರುಗಳನ್ನು ಎಳೆದುಕೊಂಡು ನಿಲ್ಲುತ್ತವೆ. ಊರಿನ ಬದಲು ಪಡಿತರದ ಪಟ್ಟಿಯಲ್ಲಿ ಒಬ್ಬಾಕೆಯ ಹೆಸರು ಹೀಗೆ ತುಂಡಾದರೆ, ಹುಡುಕುವವರಿಗೆ ಆಕೆ ಸಿಕ್ಕುವುದೇ ಇಲ್ಲ.

ವಿಚಿತ್ರವೆಂದರೆ, ಅದೇ ಬಾದಾಮಿಯನ್ನು ಇಂಗ್ಲಿಷಿನಲ್ಲಿ ಬರೆದರೆ ೬ ಅಕ್ಷರ, ೬ ಸಂಕೇತ, ೬ ಬೈಟು. ತಪ್ಪು ಲೆಕ್ಕವೂ ಸರಿಯೆಂದೇ ತೋರುತ್ತದೆ. ಇಂಗ್ಲಿಷ್ ಹೆಸರುಗಳನ್ನಷ್ಟೇ ಹಾಕಿ ಪರೀಕ್ಷೆ ಮಾಡಿದವರಿಗೆ ದೋಷ ಕಾಣುವುದೇ ಇಲ್ಲ. ಅದು ಕಾಣುವುದು ಕನ್ನಡ ಬರೆಯುವವರ ಮನೆಗೆ ಬಂದ ಮೇಲೆ.

ಇನ್ನೊಂದು ಎಚ್ಚರಿಕೆ. ಕೊಟ್ಟ ಬರಹ ಯಾರ ವಶದಲ್ಲಿರಬೇಕು? ಕೆಲಸ ಮುಗಿಯಿತೆಂದು ಪೈಥಾನ್ ಆ ಜಾಗವನ್ನು ಮರಳಿ ಪಡೆದುಬಿಟ್ಟಾಗ, ಸಿ ಲೈಬ್ರರಿ ಇನ್ನೂ ಅದನ್ನೇ ಓದುತ್ತಿರಬಹುದು. ನೆರೆಮನೆಗೆ ಎರವಲು ಕೊಟ್ಟ ಕೊಳಗವನ್ನು ಅವರು ಜೋಳ ಅಳೆಯುತ್ತಿರುವಾಗಲೇ ಕಸಿದು ತಂದಂತೆ! ಆದ್ದರಿಂದ ‘ನಿನ್ನದೇ ಒಂದು ನಕಲು ಮಾಡಿಕೊ’ ಎಂದು ಹೇಳಿಬಿಡುವ ಅನುಕೂಲವನ್ನು ಎಸ್‌ಕ್ಯೂಲೈಟ್ ಇಟ್ಟಿದೆ.

ಹೀಗೆ ಕೊಂಡಿ ಹಾಕುವವರು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು: ಯಾವ ಪದ್ಧತಿಯ ಬರಹ? ಎಷ್ಟು ಬೈಟು? ಯಾರ ವಶ? ಬೈಟುಗಳನ್ನು ಎಣಿಸುವುದು ಯಾವಾಗಲೂ ಪದ್ಧತಿಗೆ ಮಾರ್ಪಡಿಸಿದ ಮೇಲೆ, ಮೊದಲಲ್ಲ. ಉತ್ತರ ಸರಿಯಾಯಿತೇ ಎಂದು ನೋಡಲು ದೊಡ್ಡ ಉಪಕರಣವೇನೂ ಬೇಡ. ತಮ್ಮ ಊರಿನ ಹೆಸರನ್ನು ಕನ್ನಡದಲ್ಲಿ ಬರೆದು ಆಚೆ ಕಳುಹಿಸಿ, ಅದು ಇಡಿಯಾಗಿ ಮರಳಿ ಬಂದೀತೇ ಎಂದು ನೋಡಿದರೆ ಸಾಕು.